ಹಿಕ್ಸನ್ 44ರ ನಡುವೆ ಕಂಡ ಬಾಲ: ಒಂದು ಪ್ರಾಜೆಕ್ಟಿನ ಪ್ರಕರಣ ಅಧ್ಯಯನ

ನಮ್ಮ ಭಾಗದ ಒಂದು ಕಾಲೇಜಿನ ಮೂವರು ಎಂಎಸ್ಸಿ ವಿದ್ಯಾರ್ಥಿಗಳು ಕೊನೆಯ ಸೆಮಿಸ್ಟರಿನಲ್ಲಿ ಹಿಕ್ಸನ್ 44 ಎಂಬ ಗೆಲಾಕ್ಸಿಗಳ ಗುಂಪಿನ ಮೇಲೆ ಮಾಡಿದ ಪ್ರಾಜೆಕ್ಟಿನ ವಿವರ ಇದು. ಮಾರ್ಗದರ್ಶಕ ನಾನೇ. ಅವರ ಹೆಸರು, ಕಾಲೇಜು, ಹಳ್ಳಿ, ವರ್ಷ ಯಾವುದನ್ನೂ ಇಲ್ಲಿ ಹೇಳುತ್ತಿಲ್ಲ. ಮಾಡಿದ ಕೆಲಸದ ಮೇಲೆಯೇ ಗುರುತಿಸುತ್ತೇನೆ: ಚಿತ್ರದ ಹುಡುಗಿ, ಲೆಕ್ಕದ ಹುಡುಗಿ, ಟೆಲಿಸ್ಕೋಪಿನ ಹುಡುಗ. ಮೂವರೂ ಈ ಬರಹವನ್ನು ಓದಿ ಒಪ್ಪಿದ್ದಾರೆ. ಸಣ್ಣ ಊರಿನಲ್ಲಿ, ಸಣ್ಣ ಟೆಲಿಸ್ಕೋಪಿನಲ್ಲಿ ಗೆಲಾಕ್ಸಿಗಳ ಕೆಲಸಕ್ಕೆ ಕೈಹಾಕುವ ಬೇರೆಯವರಿಗೆ ಇದರಿಂದ ಒಂದು ತಿಂಗಳಾದರೂ ಉಳಿದರೆ ನನಗೆ ಸಂತೋಷ.

ಹಿನ್ನೆಲೆ

ಆಕಾಶದಲ್ಲಿ ಅಲ್ಲಲ್ಲಿ ನಾಲ್ಕೈದು ಗೆಲಾಕ್ಸಿಗಳು ಒಂದರ ಮೈಗೊಂದು ತಾಗುವಷ್ಟು ಒತ್ತಾಗಿ ಕಾಣುತ್ತವೆ. ಇಂಥ ಒತ್ತುಗುಂಪುಗಳನ್ನು 1982ರಲ್ಲಿ ಪಾಲ್ ಹಿಕ್ಸನ್ ಅವರು ಪಾಲೊಮಾರ್ ಆಕಾಶ ಸಮೀಕ್ಷೆಯ ಚಿತ್ರಗಳಿಂದ ಆರಿಸಿ ನೂರರ ಪಟ್ಟಿ ಮಾಡಿದರು. ಅವರ ನಿಯಮ ಮೂರು. ಗುಂಪಿನ ಅತಿ ಪ್ರಕಾಶದ ಗೆಲಾಕ್ಸಿಗಿಂತ ಮೂರು ಕಾಂತಿಮಾನದ ಒಳಗೆ ಕನಿಷ್ಠ ನಾಲ್ಕು ಸದಸ್ಯರಿರಬೇಕು (ಕಾಂತಿಮಾನ ಎಂದರೆ ಹೊಳಪಿನ ಅಳತೆ, ಅಂಕಿ ದೊಡ್ಡದಾದಷ್ಟೂ ಮಸುಕು). ಗುಂಪಿನ ಸುತ್ತ ಅದರ ಮೂರು ಪಟ್ಟು ಅಗಲದವರೆಗೆ ಅದೇ ಪ್ರಮಾಣದ ಇನ್ನೊಂದು ಗೆಲಾಕ್ಸಿ ಇರಬಾರದು. ಗುಂಪು ಸಾಕಷ್ಟು ಒತ್ತಾಗಿರಬೇಕು.

ಗಮನಿಸಬೇಕಾದ್ದೇನೆಂದರೆ, ಈ ಮೂರೂ ನಿಯಮಗಳು ಕಣ್ಣಿಗೆ ಕಾಣುವುದನ್ನು ಆಧರಿಸಿದವು. ಯಾವ ಗೆಲಾಕ್ಸಿ ಎಷ್ಟು ದೂರದಲ್ಲಿದೆ ಎಂಬ ಪ್ರಶ್ನೆಯೇ ಅಲ್ಲಿ ಇರಲಿಲ್ಲ. ಹತ್ತು ವರ್ಷದ ನಂತರ, 1992ರಲ್ಲಿ, ಹಿಕ್ಸನ್ ಮತ್ತು ಸಂಗಡಿಗರು ಸದಸ್ಯರ ಕೆಂಪು ಪಲ್ಲಟ (ಗೆಲಾಕ್ಸಿ ದೂರ ಸರಿಯುವ ವೇಗವನ್ನು, ಅದರಿಂದ ದೂರವನ್ನು ತಿಳಿಸುವ ಅಳತೆ) ಅಳೆದು ಪ್ರಕಟಿಸಿದಾಗ, ನೂರರಲ್ಲಿ 92 ಗುಂಪುಗಳಲ್ಲಿ ಕನಿಷ್ಠ ಮೂರು ಸದಸ್ಯರು ನಿಜವಾಗಿ ಜೊತೆಗಿದ್ದರು. ಕನಿಷ್ಠ ನಾಲ್ಕು ಜೊತೆಗಿದ್ದದ್ದು 69 ಗುಂಪುಗಳಲ್ಲಿ ಮಾತ್ರ. ಉಳಿದ ಕಡೆ ಹತ್ತಿರದ್ದೋ ದೂರದ್ದೋ ಒಂದು ಗೆಲಾಕ್ಸಿ ಅದೇ ದಿಕ್ಕಿನಲ್ಲಿದ್ದು ಗುಂಪಿನವನಂತೆ ಕಂಡಿತ್ತು.

ಇದರ ಅತ್ಯಂತ ಪ್ರಸಿದ್ಧ ಉದಾಹರಣೆ ಸ್ಟೀಫನ್ ಪಂಚಕ. 1877ರಲ್ಲಿ ಮಾರ್ಸೇಯ ವೀಕ್ಷಣಾಲಯದಲ್ಲಿ ಎದ್ವಾರ್ ಸ್ಟೀಫನ್ ಕಂಡ ಈ ಐದರಲ್ಲಿ ಎನ್‌ಜಿಸಿ 7320 (ಎನ್‌ಜಿಸಿ ಎಂದರೆ ಗೆಲಾಕ್ಸಿ ಮೊದಲಾದವುಗಳ ಒಂದು ಹಳೆಯ ಪಟ್ಟಿ) ಎಂಬುದು ಸುಮಾರು 4 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ, ಉಳಿದ ನಾಲ್ಕು ಸುಮಾರು 29 ಕೋಟಿ ಜ್ಯೋತಿರ್ವರ್ಷ ದೂರದಲ್ಲಿವೆ. 1961ರಲ್ಲಿ ಮಾರ್ಗರೆಟ್ ಮತ್ತು ಜೆಫ್ರಿ ಬರ್ಬಿಜ್ ದಂಪತಿ ಅದರ ವೇಗ ಅಳೆಯುವವರೆಗೆ ಇದು ಗೊತ್ತಿರಲಿಲ್ಲ. 2022ರ ಜುಲೈನಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಮೊದಲ ಚಿತ್ರಗಳಲ್ಲಿ ಈ ಪಂಚಕವೂ ಬಂತು. ನಮ್ಮ ಮಕ್ಕಳು ಈ ವಿಷಯಕ್ಕೆ ಮನಸೋತಿದ್ದು ಆ ಚಿತ್ರ ನೋಡಿಯೇ.

ಆದರೆ ಸೆಮಿಸ್ಟರ್ ಶುರುವಾಗುವುದು ಜನವರಿಯಲ್ಲಿ, ಪಂಚಕ ಇರುವುದು ಪೆಗಾಸಸ್ ನಕ್ಷತ್ರಪುಂಜದಲ್ಲಿ. ಫೆಬ್ರವರಿ ಮಾರ್ಚಿನಲ್ಲಿ ಅದು ಸೂರ್ಯನ ಹತ್ತಿರ ಹೋಗಿಬಿಡುತ್ತದೆ. ಹಾಗಾಗಿ ಹಿಕ್ಸನ್ ಪಟ್ಟಿಯ 44ನೆಯ ಗುಂಪನ್ನು ಆರಿಸಿದೆವು. ಸಿಂಹ ರಾಶಿಯ ಕುಡುಗೋಲಿನಲ್ಲಿ ಗಾಮಾ ಮತ್ತು ಝೀಟಾ ನಕ್ಷತ್ರಗಳ ನಡುವೆ ಇದೆ. ಎನ್‌ಜಿಸಿ 3190, 3193, 3185, 3187 ಎಂಬ ನಾಲ್ಕು ಸದಸ್ಯರು. ಆಕಾಶದಲ್ಲಿ ಒಟ್ಟು ಹರವು ಸುಮಾರು 16 ಕಲೆ (ಡಿಗ್ರಿಯ ಅರವತ್ತನೇ ಒಂದು ಪಾಲು ಒಂದು ಕಲೆ, ಕಲೆಯ ಅರವತ್ತನೇ ಒಂದು ಪಾಲು ವಿಕಲೆ), ಅಂದರೆ ಹುಣ್ಣಿಮೆ ಚಂದ್ರನ ಅರ್ಧದಷ್ಟು. ಮೈಸೂರಿನ ಅಕ್ಷಾಂಶದಿಂದ ನೋಡಿದರೆ ನೆತ್ತಿಯಿಂದ ಹತ್ತು ಡಿಗ್ರಿಯೂ ಕೆಳಗಿರದಂತೆ ದಾಟುತ್ತದೆ. ಹಿಕ್ಸನ್ ಗುಂಪುಗಳಲ್ಲಿ ನಮಗೆ ಅತಿ ಹತ್ತಿರದವುಗಳಲ್ಲಿ ಒಂದು, ಆರರಿಂದ ಎಂಟು ಕೋಟಿ ಜ್ಯೋತಿರ್ವರ್ಷ. ಸಣ್ಣ ಟೆಲಿಸ್ಕೋಪಿಗೆ ಇದಕ್ಕಿಂತ ಒಳ್ಳೆಯ ಗುರಿ ಆ ಕಾಲದಲ್ಲಿ ಇಲ್ಲ.

ಪ್ರಶ್ನೆ ಸರಳವಾಗಿತ್ತು: ಈ ನಾಲ್ಕು ಗೆಲಾಕ್ಸಿಗಳು ಒಂದನ್ನೊಂದು ಸೆಳೆಯುತ್ತಿವೆ ಎನ್ನುವುದಕ್ಕೆ ನಮ್ಮ ಕೈಗೆಟುಕುವ ಸಾಕ್ಷಿ ಏನು?

ಜಾಗ

ಮೊದಲ ಪ್ರಯತ್ನ ಮೈಸೂರಿನ ಒಂದು ಮನೆಯ ತಾರಸಿಯಿಂದ. ಎಂಟು ಅಂಗುಲದ ನ್ಯೂಟನ್ ಮಾದರಿಯ ಟೆಲಿಸ್ಕೋಪು, ನಾಭಿದೂರ 1200 ಮಿಲಿಮೀಟರ್, ಎರವಲು ತಂದ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ. ಊರಿನ ಬೆಳಕಿನಲ್ಲಿ 3190 ಮತ್ತು 3193ರ ಹೊಟ್ಟೆಭಾಗ ಮಾತ್ರ ಬಂತು. 3187 ಇದೆ ಎಂದು ಗೊತ್ತಿದ್ದವರಿಗೆ ಮಾತ್ರ ಕಾಣುವಷ್ಟು ಮಸುಕು. ಎರಡು ರಾತ್ರಿಯ ಮೇಲೆ ಅದನ್ನು ಬಿಟ್ಟೆವು.

ಲೆಕ್ಕದ ಹುಡುಗಿಯ ದೊಡ್ಡಪ್ಪನ ಮನೆ ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ಉತ್ತರಕ್ಕೆ ಮೇಲುಕೋಟೆಯ ಬೆಟ್ಟಸಾಲು, ಸುತ್ತ ಕಬ್ಬು ಮತ್ತು ಭತ್ತದ ಗದ್ದೆ. ಕತ್ತಲು ಚೆನ್ನಾಗಿದೆ, ಆದರೆ ನಾಲೆ ನೀರಿನ ಸೀಮೆ, ಇಬ್ಬನಿ ಜಾಸ್ತಿ. ರಾತ್ರಿ ಹನ್ನೆರಡರ ಹೊತ್ತಿಗೆ ಟೆಲಿಸ್ಕೋಪಿನ ಮೈಯಿಂದ ನೀರು ತೊಟ್ಟಿಕ್ಕುತ್ತದೆ. ಮೇಲಾಗಿ ಹತ್ತಿರದಲ್ಲೇ ಆಲೆಮನೆ. ಮೊದಲ ರಾತ್ರಿ ನಾವು ಕತ್ತಲಾದ ಕೂಡಲೇ ಶುರು ಮಾಡಲು ಹೊರಟಾಗ ದೊಡ್ಡಪ್ಪ ತಡೆದರು: "ಇವತ್ತ್ ಒಲೆ ಹಚ್ಚವ್ರೆ ಸಾ, ಗಾಳಿ ಈ ಕಡೀಕೆ ಬೀಸ್ತದೆ. ಹತ್ತ್ ಗಂಟೆ ಮೇಲೆ ಹೊಗೆ ಇಳೀತದೆ, ಆಮ್ಯಾಕೆ ನೋಡಿ." ಅವರು ಹೇಳಿದಂತೆಯೇ ಆಯಿತು. ಅಲ್ಲಿಂದ ಮುಂದೆ ಹತ್ತರಿಂದ ಎರಡು ಗಂಟೆ ನಮ್ಮ ವೇಳೆ ಎಂದು ಗೊತ್ತುಮಾಡಿದೆವು. ಆ ಹೊತ್ತಿನಲ್ಲಿ ಗುಂಪು ನೆತ್ತಿಯ ಮೇಲಿರುತ್ತದೆ, ತಗ್ಗಿನಲ್ಲಿ ನಿಂತ ಹೊಗೆ ಅದಕ್ಕೆ ಅಡ್ಡ ಬರುವುದಿಲ್ಲ. ದೊಡ್ಡಮ್ಮ ಹನ್ನೆರಡಕ್ಕೆ ಎದ್ದು ಕಾಫಿ ಕಾಯಿಸಿಕೊಡುತ್ತಿದ್ದರು. ಅಂಗಳದ ದೀಪ ಹಾಕದೆ ಕತ್ತಲಲ್ಲೇ ತಡವುತ್ತಾ ಬರುತ್ತಿದ್ದದ್ದನ್ನು ನಾನು ಮರೆತಿಲ್ಲ.

ಶಿವರಾತ್ರಿಯ ದಿನ ಬಿಡುವು, ಗುಡಿಯ ಸೀರಿಯಲ್ ಲೈಟು ಊರೆಲ್ಲ ಬೆಳಗಿತ್ತು. ಮರುದಿನದ ಅಮಾವಾಸ್ಯೆಯಿಂದ ಮೂರು ರಾತ್ರಿ ಚಿತ್ರ ತೆಗೆದೆವು. ತಲಾ ಒಂದು ನಿಮಿಷದ ಚಿತ್ರಗಳು, ಒಟ್ಟು ಐದೂವರೆ ಗಂಟೆ.

ಬಾಲ ಕಂಡದ್ದು

ಮುಂದಿನದಕ್ಕೆ ಒಂದು ವಿವರಣೆ ಬೇಕು. ಯಾವ ಟೆಲಿಸ್ಕೋಪೂ ತನ್ನ ಕ್ಷೇತ್ರವನ್ನು ಸಮವಾಗಿ ಬೆಳಗುವುದಿಲ್ಲ. ಅಂಚಿನಲ್ಲಿ ಬೆಳಕು ಕಡಿಮೆ, ಗಾಜಿನ ಮೇಲೆ ಧೂಳಿದ್ದಲ್ಲಿ ನೆರಳು. ಇದನ್ನು ಸರಿಪಡಿಸಲು ಸಮವಾಗಿ ಬೆಳಗಿದ ಬಿಳಿ ಮೇಲ್ಮೈಯ ಚಿತ್ರ ತೆಗೆದು, ಆಕಾಶದ ಚಿತ್ರವನ್ನು ಅದರಿಂದ ಭಾಗಿಸುತ್ತಾರೆ. ಅದಕ್ಕೆ ಫ್ಲ್ಯಾಟ್ ಎಂದು ಹೆಸರು. ನಾವು ದೊಡ್ಡಪ್ಪನ ಬಿಳಿ ಪಂಚೆಯನ್ನು ಕೊಳವೆಯ ಬಾಯಿಗೆ ಬಿಗಿಯಾಗಿ ಕಟ್ಟಿ, ಮೂರನೆಯ ರಾತ್ರಿ ಕಳೆದು ಬೆಳಕು ಹರಿಯುವಾಗ ಆಕಾಶಕ್ಕೆ ತಿರುಗಿಸಿ ತೆಗೆದೆವು. ವಿಧಾನ ಸರಿಯಾದದ್ದೇ, ಪ್ರಪಂಚದ ಎಷ್ಟೋ ಹವ್ಯಾಸಿಗಳು ಬಟ್ಟೆ ಕಟ್ಟಿಯೇ ತೆಗೆಯುತ್ತಾರೆ.

ಒಂದು ವಾರದ ಮೇಲೆ ಚಿತ್ರದ ಹುಡುಗಿ ಎಲ್ಲವನ್ನೂ ಸೇರಿಸಿ, ಗೆಲಾಕ್ಸಿಗಳ ಸುತ್ತ ಕತ್ತರಿಸಿ, ಕಾಂಟ್ರಾಸ್ಟ್ ಏರಿಸಿ ತಂದಳು. 3187ರ ಎಸ್ ಆಕಾರದ ತೋಳುಗಳು ಸ್ಪಷ್ಟವಾಗಿದ್ದವು. 3190ರ ನಡುವಿನ ಕಪ್ಪು ಧೂಳಿನ ಪಟ್ಟಿ ಒಂದು ಕಡೆ ಬಾಗಿದ್ದೂ ಕಾಣುತ್ತಿತ್ತು. ಇವೆರಡರ ಜೊತೆಗೆ ಇನ್ನೊಂದಿತ್ತು. 3187ರ ತುದಿಯಿಂದ ಹೊರಟು 3190ರ ಪಕ್ಕದಲ್ಲಿ ಸುತ್ತಿ ಹೋಗುವ ಒಂದು ಮಸುಕು ಬೆಳಕಿನ ಬಿಲ್ಲು.

ಲ್ಯಾಬಿನಲ್ಲಿ ಐದು ನಿಮಿಷ ಯಾರೂ ಮಾತಾಡಲಿಲ್ಲ. ಸೆಳೆತದಿಂದ ನಕ್ಷತ್ರಗಳು ಕಿತ್ತುಬಂದ ಸೇತುವೆ ಎಂದರೆ ಹೇಗಿರುತ್ತದೆ ಎಂದು ಪುಸ್ತಕದಲ್ಲಿ ನೋಡಿದ್ದೆವೋ ಅದು ಹಾಗೆಯೇ ಇತ್ತು.

ಇಲ್ಲಿ ನನ್ನ ತಪ್ಪನ್ನು ಹೇಳಬೇಕು. ಈ ಗುಂಪಿಗೆ ಸಂಬಂಧಿಸಿದ ಒಂದು ದೈತ್ಯ ಬಾಲ ನಿಜವಾಗಿಯೂ ಇದೆ. 2013ರಲ್ಲಿ ಪ್ರಕಟವಾದ ಕೆಲಸ, ನೆದರ್ಲೆಂಡ್ಸ್‌ನ ವೆಸ್ಟರ್‌ಬೋರ್ಕ್ ರೇಡಿಯೊ ದೂರದರ್ಶಕದಿಂದ ಕಂಡದ್ದು. ಸುಮಾರು ಹತ್ತು ಲಕ್ಷ ಜ್ಯೋತಿರ್ವರ್ಷ ಉದ್ದದ ಹೈಡ್ರೋಜನ್ ಅನಿಲದ ಬಾಲ, ಅದರಲ್ಲಿ ಸುಮಾರು 50 ಕೋಟಿ ಸೂರ್ಯರಷ್ಟು ಹೈಡ್ರೋಜನ್. 3187ರಿಂದ ಕಿತ್ತುಬಂದಿರಬಹುದು, ಇಲ್ಲವೇ ಗುಂಪಿನಿಂದ ದೂರದಲ್ಲಿರುವ ಎನ್‌ಜಿಸಿ 3162 ಹಾದುಹೋದಾಗ ಆದದ್ದಿರಬಹುದು ಎಂಬುದು ಆ ಸಂಶೋಧಕರ ಊಹೆ. ಈ ಬಾಲದ ವಿಷಯವನ್ನು ನಾನು ಮೊದಲ ವಾರದಲ್ಲೇ ಮಕ್ಕಳಿಗೆ ಹೇಳಿದ್ದೆ, ಉತ್ಸಾಹ ಬರಲಿ ಎಂದು. ಹಾಗಾಗಿ ಚಿತ್ರದ ಹುಡುಗಿ ಕಾಂಟ್ರಾಸ್ಟ್ ಏರಿಸುತ್ತಾ ಹೋದಾಗ ಅವಳ ಕಣ್ಣು ಹುಡುಕುತ್ತಿದ್ದದ್ದು ಬಾಲವನ್ನೇ. ಬಾಲ ಸಿಕ್ಕಿತು, ಅಲ್ಲಿಗೆ ನಿಲ್ಲಿಸಿದಳು. ಅವಳ ಜಾಗದಲ್ಲಿ ನಾನಿದ್ದರೂ ಅಲ್ಲೇ ನಿಲ್ಲಿಸುತ್ತಿದ್ದೆ. ಅದೇ ಪ್ರಬಂಧದಲ್ಲಿ, ಅನಿಲ ಇರುವ ಜಾಗದಲ್ಲಿ ಬಹಳ ಆಳದ ಚಿತ್ರಗಳಲ್ಲೂ ನಕ್ಷತ್ರಗಳ ಬೆಳಕು ಕಾಣಲಿಲ್ಲ ಎಂದು ಬರೆದಿದೆ. ಅದನ್ನು ನಾನು ಓದಿದ್ದೆ, ಆದರೆ ಆ ಹೊತ್ತಿಗೆ ನೆನಪಿಗೆ ತಂದುಕೊಳ್ಳಲಿಲ್ಲ.

ನಾವು ಏನೂ ಪರೀಕ್ಷೆ ಮಾಡಲಿಲ್ಲ ಎಂದಲ್ಲ. ಟೆಲಿಸ್ಕೋಪಿನ ಹುಡುಗ ಸರಿಯಾದ ಪ್ರಶ್ನೆಯನ್ನೇ ಎತ್ತಿದ: ಇದು ಒಂದು ರಾತ್ರಿಯ ಮೋಡವೋ ಹೊಗೆಯೋ ಆಗಿದ್ದರೆ? ಮೊದಲ ರಾತ್ರಿಯ ಚಿತ್ರಗಳನ್ನು ಬೇರೆ, ಎರಡು ಮೂರನೆಯ ರಾತ್ರಿಯವನ್ನು ಬೇರೆ ಸೇರಿಸಿ ನೋಡಿದರು. ಎರಡರಲ್ಲೂ ಬಿಲ್ಲು ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಇತ್ತು. ಮೂವರ ನಂಬಿಕೆಯೂ ಅಂದು ಗಟ್ಟಿಯಾಯಿತು, ನನ್ನದೂ ಸಹ. ಈಗ ಹಿಂದಿರುಗಿ ನೋಡಿದರೆ ಇಡೀ ಪ್ರಕರಣದಲ್ಲಿ ನಮ್ಮನ್ನು ಅತಿ ಹೆಚ್ಚು ದಾರಿ ತಪ್ಪಿಸಿದ್ದು ಈ ಪರೀಕ್ಷೆ. ಎರಡೂ ಭಾಗಗಳನ್ನು ಭಾಗಿಸಿದ್ದು ಒಂದೇ ಫ್ಲ್ಯಾಟ್‌ನಿಂದ ಎನ್ನುವುದು ಯಾರಿಗೂ ಹೊಳೆಯಲಿಲ್ಲ. ದೋಷವೂ ಪ್ರತಿ ಸಲ ತಪ್ಪದೆ ಮರುಕಳಿಸಬಲ್ಲದು.

ವಿಭಾಗದ ಹಿರಿಯರೊಬ್ಬರು ಚಿತ್ರ ನೋಡಿ ಮೆಚ್ಚಿ, ಪತ್ರಿಕೆಗೆ ಒಂದು ಸುದ್ದಿ ಕೊಡೋಣ ಎಂದರು. ನಾನು ಎಂಟು ದಿನ ಕೇಳಿದೆ. ಅನುಮಾನದಿಂದಲ್ಲ. ಬಿಲ್ಲಿನ ಹೊಳಪು ಇಷ್ಟು ಎಂದು ಒಂದು ಅಂಕಿ ಇಲ್ಲದೆ ಭೌತಶಾಸ್ತ್ರ ವಿಭಾಗದಿಂದ ಸುದ್ದಿ ಹೋಗುವುದು ಸರಿಯಲ್ಲ ಎನ್ನಿಸಿತು, ಅಷ್ಟೇ. ಆ ಅಂಕಿಯನ್ನು ಕೊಡುವ ಕೆಲಸವನ್ನು ಲೆಕ್ಕದ ಹುಡುಗಿಗೆ ಒಪ್ಪಿಸಿದೆ.

ಶೇಕಡಾ ಒಂದು

ಅವಳು ನಾಲ್ಕನೆಯ ದಿನ ಬಂದಳು. ಮುಖದಲ್ಲಿ ಸಂತೋಷವಿರಲಿಲ್ಲ.

ಅವಳ ಲೆಕ್ಕ ಹೀಗಿತ್ತು. ಮಾನವ ಬೆಳಕು ಇಲ್ಲದ ಕತ್ತಲ ಆಕಾಶವೂ ಪೂರ್ತಿ ಕಪ್ಪಲ್ಲ. ಒಂದು ಚದರ ವಿಕಲೆಗೆ ಸುಮಾರು 22 ಕಾಂತಿಮಾನದ ಹೊಳಪು ಅದಕ್ಕಿದೆ, ನಮ್ಮ ಹಳ್ಳಿಯಲ್ಲಿ ಅದಕ್ಕಿಂತ ಹೆಚ್ಚೇ. ಗೆಲಾಕ್ಸಿಗಳ ನಡುವಿನ ಮಸುಕು ಬಾಲಗಳ ಹೊಳಪು ಸಾಮಾನ್ಯವಾಗಿ 26, 27 ಅಥವಾ ಅದಕ್ಕೂ ಮಸುಕು. ಐದು ಕಾಂತಿಮಾನದ ವ್ಯತ್ಯಾಸ ಎಂದರೆ ನೂರು ಪಟ್ಟು. ಅಂದರೆ ನಾವು ಹುಡುಕುತ್ತಿರುವುದು ಆಕಾಶದ ಸ್ವಂತ ಹೊಳಪಿನ ನೂರನೇ ಒಂದು ಪಾಲನ್ನು, ಆ ಹೊಳಪಿನ ಮೇಲೆಯೇ. ನಮ್ಮ ಬಿಲ್ಲು ಅಳೆದರೆ ಬಂದದ್ದು ಸರಿಯಾಗಿ ಅಷ್ಟೇ, ಆಕಾಶಕ್ಕಿಂತ ಶೇಕಡಾ ಒಂದು ಹೆಚ್ಚು.

"ಸರ್, ನಮ್ಮ ಫ್ಲ್ಯಾಟ್ ಶೇಕಡಾ ಒಂದರಷ್ಟು ತಪ್ಪಿದ್ದರೂ ಇದೇ ಬರುತ್ತದಲ್ವಾ? ಫ್ಲ್ಯಾಟನ್ನೇ ಯಾರಾದರೂ ತೆರೆದು ನೋಡಿದ್ದಾರಾ?"

ಯಾರೂ ನೋಡಿರಲಿಲ್ಲ. ಸಾಫ್ಟ್‌ವೇರಿಗೆ ಕೊಟ್ಟಿದ್ದೆವು, ಅದು ಭಾಗಿಸಿತ್ತು. ಆಗಲೇ ತೆರೆದು, ಗೆಲಾಕ್ಸಿ ಚಿತ್ರಕ್ಕೆ ಏರಿಸಿದಷ್ಟೇ ಕಾಂಟ್ರಾಸ್ಟ್ ಏರಿಸಿದೆವು. ನಡುವಿನಿಂದ ಸ್ವಲ್ಪ ಆಚೆಗೆ ಒಂದು ಮಸುಕಾದ ಕಪ್ಪು ಉಂಗುರ, ಒಂದು ಪಕ್ಕ ಹೆಚ್ಚು ಗಾಢ. ಗೆಲಾಕ್ಸಿ ಚಿತ್ರವನ್ನು ಅದರ ಮೇಲಿಟ್ಟಾಗ ಗಾಢವಾದ ಪಕ್ಕ ಸರಿಯಾಗಿ ನಮ್ಮ ಬಿಲ್ಲಿನ ಮೇಲೆ ಕೂತಿತು.

ಟೆಲಿಸ್ಕೋಪಿನ ಹುಡುಗ ಬಹಳ ಹೊತ್ತು ಸುಮ್ಮನಿದ್ದು ಹೇಳಿದ: ಮೂರನೆಯ ರಾತ್ರಿ ಮುಗಿದ ಮೇಲೆ, ಫ್ಲ್ಯಾಟ್ ತೆಗೆಯುವ ಮೊದಲು, ಕ್ಯಾಮೆರಾ ಮುಂದಿನ ಫಿಲ್ಟರ್ ಗಾಜಿನ ಮೇಲೆ ಇಬ್ಬನಿ ಕಂಡಿತ್ತು. ಫ್ಲ್ಯಾಟ್ ಶುದ್ಧವಾಗಿ ಬರಲಿ ಎಂದು ಕ್ಯಾಮೆರಾ ಬಿಚ್ಚಿ ಬಟ್ಟೆಯಿಂದ ಒರೆಸಿ ಮತ್ತೆ ಜೋಡಿಸಿದ್ದ. ಒಳ್ಳೆಯ ಮನಸ್ಸಿನಿಂದಲೇ. ಆ ಬಟ್ಟೆಯ ಒಂದು ನೂಲೆಳೆ ಗಾಜಿಗೆ ಅಂಟಿತ್ತು.

ಈಗ ಎಲ್ಲವೂ ಲೆಕ್ಕಕ್ಕೆ ಬಂತು. ಮೂರು ರಾತ್ರಿಯ ಆಕಾಶದ ಚಿತ್ರಗಳಲ್ಲಿ ನೂಲಿಲ್ಲ, ಫ್ಲ್ಯಾಟ್‌ನಲ್ಲಿ ಮಾತ್ರ ನೂಲಿನ ನೆರಳು. ಇಲ್ಲದ ನೆರಳಿನಿಂದ ಭಾಗಿಸಿದಾಗ ಅಲ್ಲಿ ಇಲ್ಲದ ಬೆಳಕು ಹುಟ್ಟಿತು. ಗಾತ್ರವನ್ನೂ ಲೆಕ್ಕದ ಹುಡುಗಿ ಅಲ್ಲೇ ಬಿಡಿಸಿದಳು. ಫಿಲ್ಟರ್ ಇರುವುದು ಸೆನ್ಸರಿನಿಂದ ಸುಮಾರು 15 ಮಿಲಿಮೀಟರ್ ಮುಂದೆ. ಟೆಲಿಸ್ಕೋಪಿನ ನಾಭಿ ಅನುಪಾತ, ಅಂದರೆ ನಾಭಿದೂರವನ್ನು ಕನ್ನಡಿಯ ಅಗಲದಿಂದ ಭಾಗಿಸಿದಷ್ಟು, 6. ಹಾಗಾಗಿ ಕಸದ ನೆರಳು ಸೆನ್ಸರಿನ ಮೇಲೆ ಹರಡುವ ಅಗಲ 15ನ್ನು 6ರಿಂದ ಭಾಗಿಸಿದಷ್ಟು, ಎರಡೂವರೆ ಮಿಲಿಮೀಟರ್. 1200 ಮಿಲಿಮೀಟರ್ ನಾಭಿದೂರಕ್ಕೆ ಅದು ಆಕಾಶದಲ್ಲಿ ಸುಮಾರು 7 ಕಲೆ. ಉಂಗುರ ಅಳೆದರೆ ಏಳೇ ಬಂತು. ದ್ವಿತೀಯ ಕನ್ನಡಿ ನಡುವಿನ ಬೆಳಕನ್ನು ತಡೆಯುವುದರಿಂದ ನೆರಳು ತಟ್ಟೆಯಾಗದೆ ಉಂಗುರವಾಗುತ್ತದೆ. ಪೂರ್ತಿ ಚಿತ್ರ ನೋಡಿದ್ದರೆ ಅದು ಉಂಗುರ ಎಂದು ಮೊದಲ ದಿನವೇ ತಿಳಿಯುತ್ತಿತ್ತು. ಅಂದವಾಗಿರಲಿ ಎಂದು ಗೆಲಾಕ್ಸಿಗಳ ಸುತ್ತ ಕತ್ತರಿಸಿದಾಗ ಉಂಗುರದ ಒಂದು ತುಂಡು ಮಾತ್ರ ಉಳಿದು ಬಿಲ್ಲಾಗಿ ಕಂಡಿತ್ತು.

ಹುಡುಗ ಅಂದು ಊಟಕ್ಕೂ ಬರಲಿಲ್ಲ. ಸಂಜೆ ಅವನ ಹಾಸ್ಟೆಲಿಗೆ ಹೋಗಿ ಮಾತಾಡಿಸಿದೆ. ಒರೆಸಿದ್ದು ಅವನು ನಿಜ. ಆದರೆ ಒರೆಸಿದ್ದನ್ನು ಲಾಗ್ ಪುಸ್ತಕದಲ್ಲಿ ಬರೆಯಬೇಕೆಂದು ನಾನು ಹೇಳಿಕೊಟ್ಟಿರಲಿಲ್ಲ. ನಮ್ಮ ಲಾಗ್‌ನಲ್ಲಿ ವೇಳೆ, ಎಕ್ಸ್‌ಪೋಷರ್, ಉಷ್ಣತೆ ಇತ್ತು. ಕೈ ಎಲ್ಲಿ ತಾಗಿತು ಎನ್ನುವುದು ಇರಲಿಲ್ಲ.

ಯುಗಾದಿ ಅಮಾವಾಸ್ಯೆ

ಸಾಕ್ಷಿ ಸಾಕಷ್ಟಿತ್ತು, ಅಲ್ಲಿಗೇ ನಿಲ್ಲಿಸಿ ಬಿಲ್ಲನ್ನು ವರದಿಯಿಂದ ಅಳಿಸಿಬಿಡಬಹುದಿತ್ತು. ಚಿತ್ರದ ಹುಡುಗಿಗೆ ಅದೇ ಬೇಕಿತ್ತು. "ಇದನ್ನ ಯಾರೂ ನೋಡಿಲ್ಲವಲ್ಲ ಸರ್" ಎಂದಳು. ಅವಳ ನೋವು ನನಗೆ ಅರ್ಥವಾಗುತ್ತಿತ್ತು. ಆದರೂ ಇನ್ನೊಂದು ಅಮಾವಾಸ್ಯೆ ಹೋಗೋಣ ಎಂದು ನಿರ್ಧರಿಸಿದೆವು. ಕಾರಣ ಎರಡು. ಉಂಗುರ ತೆಗೆದ ಮೇಲೆ ಅದರ ಕೆಳಗೆ ನಿಜವಾದ ಮಸುಕು ಬೆಳಕು ಏನಾದರೂ ಉಳಿದಿದೆಯೇ ಎಂದು ಹಳೆಯ ಚಿತ್ರಗಳಿಂದ ಹೇಳಲಾಗುತ್ತಿರಲಿಲ್ಲ. ಜೊತೆಗೆ, ತಪ್ಪನ್ನು ಒಪ್ಪಿಕೊಂಡರೆ ಸಾಲದು, ಅದನ್ನು ಬೇಕೆಂದಾಗ ಮತ್ತೆ ಹುಟ್ಟಿಸಿ ತೋರಿಸಲು ಬರಬೇಕು. ಆಗಲೇ ಅದು ಅರ್ಥವಾಗಿದೆ ಎಂದು ನಾನು ನಂಬುತ್ತೇನೆ.

ಯುಗಾದಿಯ ಹಿಂದಿನ ರಾತ್ರಿಗಳಲ್ಲಿ ಮಳೆ ಮೋಡ ಬಂದು ಹೋಗುತ್ತಿತ್ತು. ಸಿಕ್ಕಿದ್ದು ಎರಡೇ ರಾತ್ರಿ, ಮೂರು ಗಂಟೆಯಷ್ಟು ಚಿತ್ರ. ಈ ಸಲ ಮೂರು ಬದಲಾವಣೆ ಮಾಡಿದೆವು. ಕ್ಯಾಮೆರಾವನ್ನು 90 ಡಿಗ್ರಿ ತಿರುಗಿಸಿ ಕೂರಿಸಿದೆವು. ಪ್ರತಿ ಐದು ಚಿತ್ರಕ್ಕೊಮ್ಮೆ ಟೆಲಿಸ್ಕೋಪನ್ನು ಸ್ವಲ್ಪ ಸರಿಸಿದೆವು, ಗೆಲಾಕ್ಸಿ ಸೆನ್ಸರಿನ ಬೇರೆ ಬೇರೆ ಜಾಗದಲ್ಲಿ ಬೀಳಲಿ ಎಂದು. ಪ್ರತಿ ರಾತ್ರಿಯ ಫ್ಲ್ಯಾಟನ್ನು ಆ ಬೆಳಿಗ್ಗೆಯೇ, ಯಾವುದನ್ನೂ ಬಿಚ್ಚದೆ ಮುಟ್ಟದೆ ತೆಗೆದೆವು. ಇಬ್ಬನಿಗೆ ಒರೆಸುವುದನ್ನು ಬಿಟ್ಟು, ಕೊಳವೆಗೆ ಸುತ್ತುವ ಸಣ್ಣ ಬಿಸಿಪಟ್ಟಿಯನ್ನು ಹುಡುಗ ತಾನೇ ಮಾಡಿ ತಂದಿದ್ದ, ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ನಡೆಯುವಂಥದ್ದು.

ಹೊಸ ಚಿತ್ರವನ್ನು ಹೊಸ ಫ್ಲ್ಯಾಟ್‌ನಿಂದ ಸರಿಪಡಿಸಿದಾಗ 3187 ಮತ್ತು 3190ರ ನಡುವೆ ಏನೂ ಇರಲಿಲ್ಲ. ಅದೇ ಹೊಸ ಚಿತ್ರವನ್ನು ಹಳೆಯ ಫ್ಲ್ಯಾಟ್‌ನಿಂದ ಭಾಗಿಸಿದಾಗ ಬಿಲ್ಲು ಮತ್ತೆ ಬಂತು, ಆದರೆ ಈಗ ಗೆಲಾಕ್ಸಿಗಳ ನಡುವೆ ಅಲ್ಲ, ಚೌಕಟ್ಟಿನಲ್ಲಿ ಎಲ್ಲಿತ್ತೋ ಅಲ್ಲೇ, ಬರೀ ಆಕಾಶದ ಮೇಲೆ. ಎರಡನ್ನೂ ಪಕ್ಕಪಕ್ಕ ಇಟ್ಟು ಚಿತ್ರದ ಹುಡುಗಿಯೇ ವರದಿಗೆ ಹಾಕಿದಳು. ಯಾರೂ ನೋಡಿಲ್ಲವಲ್ಲ ಎಂದವಳು ಅದಕ್ಕೆ ಒಂದು ಪೂರ್ತಿ ಪುಟ ಕೊಟ್ಟಳು.

ವರದಿಯಲ್ಲಿ ಉಳಿದದ್ದು

ಬಾಲ ಹೋದ ಮೇಲೆ ಗೆಲಾಕ್ಸಿಗಳು ಸೆಳೆಯುತ್ತಿವೆ ಎನ್ನುವುದಕ್ಕೆ ಏನು ಉಳಿಯಿತು? ನಾವು ಅಂದುಕೊಂಡದ್ದಕ್ಕಿಂತ ಹೆಚ್ಚೇ.

ಮೊದಲು ವೇಗ. ರೋಹಿತ ತೆಗೆಯುವ ಉಪಕರಣ ನಮ್ಮಲ್ಲಿಲ್ಲ, ಪ್ರಕಟಿತ ಅಳತೆಗಳನ್ನೇ ಬಳಸಿದೆವು. ನಾಲ್ಕು ಗೆಲಾಕ್ಸಿಗಳು ನಮ್ಮಿಂದ ದೂರ ಸರಿಯುವ ವೇಗ ಸೆಕೆಂಡಿಗೆ ಸುಮಾರು 1220, 1290, 1380 ಮತ್ತು 1580 ಕಿಲೋಮೀಟರ್. ಸರಾಸರಿ 1370ರ ಹತ್ತಿರ, ಚದುರುವಿಕೆ ಸುಮಾರು 150. ಸ್ಟೀಫನ್ ಪಂಚಕದಲ್ಲಿ ಒಬ್ಬನ ವೇಗ 800, ಉಳಿದವರದ್ದು 5700ರಿಂದ 6700 ಎಂಬುದರ ಜೊತೆ ಇದನ್ನು ಇಟ್ಟು ನೋಡಿದರೆ ಇಲ್ಲಿ ನಾಲ್ವರೂ ಜೊತೆಯವರೇ ಎನ್ನಲು ಬಲ ಬರುತ್ತದೆ.

ಆ ಮೇಲೆ ಕಾಲ. 16 ಕಲೆಯ ಹರವು, ಎಂಟು ಕೋಟಿ ಜ್ಯೋತಿರ್ವರ್ಷ ದೂರ ಎಂದಿಟ್ಟುಕೊಂಡರೆ ಗುಂಪಿನ ಅಡ್ಡಳತೆ ನಾಲ್ಕು ಲಕ್ಷ ಜ್ಯೋತಿರ್ವರ್ಷಕ್ಕೆ ಸ್ವಲ್ಪ ಕಡಿಮೆ. ಕಾಣುವುದು ನಮ್ಮ ದಿಕ್ಕಿನ ವೇಗ ಮಾತ್ರ, ಮೂರೂ ದಿಕ್ಕಿಗೆ ಲೆಕ್ಕ ಹಾಕಿದರೆ ಸೆಕೆಂಡಿಗೆ 250 ಕಿಲೋಮೀಟರ್. ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಲು ಸುಮಾರು 45 ಕೋಟಿ ವರ್ಷ. ವಿಶ್ವದ ವಯಸ್ಸು 1380 ಕೋಟಿ ವರ್ಷ. ಲೆಕ್ಕದ ಹುಡುಗಿ ಇಲ್ಲಿ ತಾನಾಗಿಯೇ ಈ ಕ್ಷೇತ್ರದ ಹಳೆಯ ಒಗಟಿಗೆ ಬಂದು ನಿಂತಳು: ಇಷ್ಟು ಬೇಗ ಬೇಗ ಒಂದರ ಮೂಲಕ ಒಂದು ಹಾಯುವುದಾದರೆ ಇವು ಎಂದೋ ಸೇರಿ ಒಂದೇ ದೊಡ್ಡ ಗೆಲಾಕ್ಸಿ ಆಗಿರಬೇಕಿತ್ತಲ್ಲ, ಇನ್ನೂ ಯಾಕೆ ಬಿಡಿಬಿಡಿಯಾಗಿವೆ? ಸುತ್ತಲ ಸಡಿಲ ಗುಂಪಿನಿಂದ ಹೊಸ ಗೆಲಾಕ್ಸಿಗಳು ಬಂದು ಸೇರುತ್ತಿರಬಹುದು. ಉದ್ದವಾದ ಸಡಿಲ ಗುಂಪನ್ನು ನಾವು ತುದಿಯಿಂದ ನೋಡುತ್ತಿರುವುದರಿಂದ ಒತ್ತಾಗಿ ಕಾಣುತ್ತಿರಬಹುದು. ಕಣ್ಣಿಗೆ ಕಾಣದ, ಸೆಳೆತದಿಂದ ಮಾತ್ರ ಗೊತ್ತಾಗುವ ಕಪ್ಪುದ್ರವ್ಯದ ಒಂದೇ ಮುಸುಕಿನೊಳಗೆ ಇರುವುದರಿಂದ ಸೇರುವುದು ತಡವಾಗುತ್ತಿರಬಹುದು. ಎಲ್ಲವನ್ನೂ ಬರೆದಳು. ಪ್ರಾಜೆಕ್ಟಿನ ಅತ್ಯುತ್ತಮ ಅಧ್ಯಾಯ ಅದೇ ಎಂದು ನನ್ನ ಅಭಿಪ್ರಾಯ.

ಕೊನೆಗೆ ಆಕಾರ. 3187ರ ತಿರುಚಿದ ತೋಳುಗಳು, 3190ರ ಬಾಗಿದ ಧೂಳುಪಟ್ಟಿ ಎರಡೂ ಯುಗಾದಿಯ ಚಿತ್ರದಲ್ಲೂ ಇದ್ದವು. ಕ್ಯಾಮೆರಾ ತಿರುಗಿಸಿದರೂ ಗೆಲಾಕ್ಸಿಯ ಜೊತೆಯೇ ಇದ್ದವು. ಆಕಾಶ ಸಮೀಕ್ಷೆಗಳ ಚಿತ್ರದಲ್ಲೂ ಹಾಗೆಯೇ ಇವೆ. 3190ರ ವಿಷಯದಲ್ಲಿ ಹುಡುಗ ಇನ್ನೊಂದನ್ನು ಹುಡುಕಿ ತಂದ: 2002ರ ಮಾರ್ಚ್ ಮತ್ತು ಮೇ ತಿಂಗಳಲ್ಲಿ ಎರಡು ಸೂಪರ್‌ನೋವಾಗಳು ಇದೇ ಗೆಲಾಕ್ಸಿಯಲ್ಲಿ ಸಿಡಿದವು. ನಮ್ಮ ಪ್ರಶ್ನೆಗೆ ಅದು ನೇರವಾಗಿ ಸಂಬಂಧಿಸಿಲ್ಲವಾದರೂ ವರದಿಯಲ್ಲಿ ಉಳಿಸಿಕೊಂಡೆವು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ನಲವತ್ತು ನಿಮಿಷದಲ್ಲಿ ಮೂವತ್ತು ನಿಮಿಷ ನೂಲೆಳೆಯ ಬಗ್ಗೆಯೇ ಕೇಳಿದರು. ಹುಡುಗ ಕಪ್ಪು ಹಲಗೆಯ ಮೇಲೆ ಬೆಳಕಿನ ಶಂಕು ಬರೆದು, 15, 6, 1200 ಮೂರೂ ಅಂಕಿ ಹಾಕಿ, ಏಳು ಕಲೆ ಹೇಗೆ ಬರುತ್ತದೆ ಎಂದು ತಾನೇ ಬಿಡಿಸಿ ತೋರಿಸಿದ. ಪತ್ರಿಕೆಗೆ ಸುದ್ದಿ ಹೋಗಲಿಲ್ಲ.

ಮುಂದಿನ ತಂಡಕ್ಕೆ

ಈ ಪ್ರಕರಣದ ನಂತರ ನಮ್ಮಲ್ಲಿ ಕೆಲವು ಪದ್ಧತಿಗಳು ಬದಲಾಗಿವೆ. ಫ್ಲ್ಯಾಟ್ ಬಳಸುವ ಮೊದಲು ಅದನ್ನೇ ಒಂದು ಆಕಾಶದ ಚಿತ್ರ ಎಂಬಂತೆ ಕಾಂಟ್ರಾಸ್ಟ್ ಏರಿಸಿ ನೋಡುವುದು, ಇದಕ್ಕೆ ಹತ್ತು ನಿಮಿಷ ಸಾಕು. ನಾವು ಹದಿನೈದು ದಿನ ಕಳೆದದ್ದು ಈ ಹತ್ತು ನಿಮಿಷ ಉಳಿಸಲು ಹೋಗಿ. ಮಸುಕಾದ ಯಾವುದನ್ನೇ ಕಂಡರೂ ಕತ್ತರಿಸದ ಪೂರ್ತಿ ಚಿತ್ರವನ್ನು ಮೊದಲು ತೋರಿಸಬೇಕು. ಪರೀಕ್ಷೆಗೆಂದು ಚಿತ್ರಗಳನ್ನು ಎರಡು ಪಾಲು ಮಾಡಿದರೆ, ಎರಡೂ ಪಾಲಿಗೆ ಸಮಾನವಾಗಿರುವುದು ಏನೇನು ಎಂದು ಪಟ್ಟಿ ಬರೆಯಬೇಕು, ತಪ್ಪು ಅಡಗುವುದು ಅಲ್ಲಿಯೇ. ಲಾಗ್ ಪುಸ್ತಕದಲ್ಲಿ ಹೊಸ ಕಾಲಂ ಒಂದಿದೆ, "ಕೈ ತಾಗಿದ್ದು" ಎಂದು. ಒರೆಸಿದ್ದು, ಬಿಚ್ಚಿದ್ದು, ಎಡವಿದ್ದು ಎಲ್ಲ ಅದರಲ್ಲಿ ಬರುತ್ತದೆ, ಯಾರು ಎಂಬ ಹೆಸರಿಲ್ಲದೆ.

ಇನ್ನೊಂದು ಬದಲಾವಣೆ ನನ್ನದು. ಗುಂಪಿನ ಬಗ್ಗೆ ಈಗಾಗಲೇ ಗೊತ್ತಿರುವ ವಿಸ್ಮಯಗಳನ್ನು ಚಿತ್ರ ತೆಗೆಯುವ ಮೊದಲು ಹೇಳುವುದನ್ನು ಬಿಟ್ಟಿದ್ದೇನೆ. ಚಿತ್ರದಲ್ಲಿ ಏನಿದೆ ಎಂದು ಅವರು ಬರೆದು ಸಹಿ ಹಾಕಿದ ಮೇಲೆ ಪ್ರಬಂಧಗಳನ್ನು ಕೊಡುತ್ತೇನೆ. ಇದರಿಂದ ಮೊದಲ ವಾರಗಳ ಉತ್ಸಾಹ ಸ್ವಲ್ಪ ತಗ್ಗುತ್ತದೆ ನಿಜ. ಇದು ಸರಿಯಲ್ಲ ಎಂದು ನನ್ನ ಸಹೋದ್ಯೋಗಿಯೊಬ್ಬರು ಈಗಲೂ ವಾದಿಸುತ್ತಾರೆ, ಕತೆ ಕೇಳದೆ ಮಕ್ಕಳು ಕತ್ತಲಲ್ಲಿ ಯಾಕೆ ನಿಲ್ಲುತ್ತಾರೆ ಎಂದು. ಅವರ ಮಾತಿನಲ್ಲೂ ಹುರುಳಿದೆ, ನಾನಿನ್ನೂ ಯೋಚಿಸುತ್ತಿದ್ದೇನೆ.

ಈ ವರ್ಷದ ತಂಡ ಸ್ಟೀಫನ್ ಪಂಚಕವನ್ನು ಆರಿಸಿಕೊಂಡಿದೆ. ದೀಪಾವಳಿಯ ಪಟಾಕಿ ಹೊಗೆ ಕಳೆದು, ಕಾರ್ತಿಕದ ಅಮಾವಾಸ್ಯೆಗೆ ಅದೇ ಹಳ್ಳಿಗೆ ಹೋಗುತ್ತೇವೆ. ಆ ಹೊತ್ತಿಗೆ ಪಂಚಕ ಕತ್ತಲಾಗುವಾಗಲೇ ಎತ್ತರದಲ್ಲಿರುತ್ತದೆ, ಆಮೇಲೆ ಇಳಿಯುತ್ತಾ ಹೋಗುತ್ತದೆ. ಆಲೆಮನೆಯ ಹೊಗೆಗೂ ಅದೇ ವೇಳೆ, ಹಾಗಾಗಿ ಈ ಸಲ ಗದ್ದೆಯ ಆಚೆ ದಿಣ್ಣೆಯ ಮೇಲೆ ಟೆಲಿಸ್ಕೋಪ್ ಇಡಲು ದೊಡ್ಡಪ್ಪ ಜಾಗ ಹಸನು ಮಾಡಿಸಿಟ್ಟಿದ್ದಾರೆ. ಪಂಚೆಯನ್ನೂ ಒಗೆದು ತೆಗೆದಿಟ್ಟಿದ್ದಾರಂತೆ.